ದೀಪ ಹಚ್ಚಿಟ್ಟುಕೊಂಡ ಆಸ್ಪತ್ರೆಗಳು

1918ರ ಜೂನ್ 27ರ ರಾತ್ರಿ. ಐರ್ಲೆಂಡ್‌ನ ಆಚೆ ಅಟ್ಲಾಂಟಿಕ್ ಸಾಗರದಲ್ಲಿ ಲ್ಯಾಂಡವರಿ ಕ್ಯಾಸಲ್ ಎಂಬ ಹಡಗು ಲಿವರ್‌ಪೂಲ್ ಕಡೆಗೆ ಹೊರಟಿತ್ತು. ಮೊದಲ ಮಹಾಯುದ್ಧದ ಕಾಲ ಅದು. ಜರ್ಮನ್ ಸಬ್‌ಮರೀನುಗಳಿಗೆ ಹೆದರಿ ಬೇರೆ ಹಡಗುಗಳೆಲ್ಲ ಕತ್ತಲಲ್ಲೇ ಸಾಗುತ್ತಿದ್ದವು. ಈ ಹಡಗು ಮಾತ್ರ ಮೈತುಂಬ ದೀಪ ಹಚ್ಚಿಕೊಂಡಿತ್ತು. ಯಾಕೆಂದರೆ ಅದು ಆಸ್ಪತ್ರೆ ಹಡಗು. ಬಿಳಿ ಬಣ್ಣ, ಹಸಿರು ಪಟ್ಟಿ, ಕೆಂಪು ಶಿಲುಬೆಯ ಗುರುತು, ಅದರ ಮೇಲೆ ಬೆಳಕು. ನಾನು ಯಾರೆಂದು ನೋಡಿಕೋ, ನನ್ನನ್ನು ಮುಟ್ಟಬೇಡ ಎಂದು ಹಡಗೇ ಕೂಗಿ ಹೇಳಿದಂತಿತ್ತು.

ಯು-86 ಎಂಬ ಸಬ್‌ಮರೀನು ಅದನ್ನು ನೋಡಿತು. ಟಾರ್ಪೆಡೊ ಬಿಟ್ಟಿತು. ಆಮೇಲೆ ಜೀವರಕ್ಷಕ ದೋಣಿಗಳ ಮೇಲೂ ಗುಂಡು ಹಾರಿಸಿತು. ಹಡಗಿನಲ್ಲಿದ್ದ 258 ಜನರಲ್ಲಿ ಉಳಿದವರು 24. ಕೆನಡಾದ 14 ನರ್ಸ್‌ಗಳಲ್ಲಿ ಒಬ್ಬರೂ ಬದುಕಲಿಲ್ಲ.

ಸಬ್‌ಮರೀನಿನ ಕಮಾಂಡರ್ ಹೆಲ್ಮಟ್ ಪಾಟ್ಸಿಗ್ ಬಳಿ ಒಂದು ಕಾರಣವಿತ್ತು. ಹಡಗಿನಲ್ಲಿ ಅಮೆರಿಕದ ವಿಮಾನ ಪಡೆಯವರನ್ನು ಬಚ್ಚಿಟ್ಟು ಸಾಗಿಸುತ್ತಿದ್ದಾರೆ ಎಂಬ ಅನುಮಾನ. ಅಂಥವರು ಯಾರೂ ಅದರಲ್ಲಿರಲಿಲ್ಲ. ಆದರೆ ನನಗೆ ಮುಖ್ಯ ಅನಿಸುವುದು ಬೇರೆಯೇ ವಿಷಯ. ಅನುಮಾನ ಬಂದರೆ ಏನು ಮಾಡಬೇಕು ಎಂದು ಆಗಲೇ ಕಾನೂನು ಹೇಳಿತ್ತು. 1907ರ ಹೇಗ್ ಒಪ್ಪಂದದ ಪ್ರಕಾರ ಶತ್ರುವಿನ ಆಸ್ಪತ್ರೆ ಹಡಗನ್ನು ತಡೆದು ನಿಲ್ಲಿಸಬಹುದು, ಹತ್ತಿ ತಪಾಸಣೆ ಮಾಡಬಹುದು. ಅನುಮಾನ ಪಡುವುದು ತಪ್ಪೇನಲ್ಲ, ಅದನ್ನು ತೀರಿಸಿಕೊಳ್ಳಲು ದಾರಿಯೂ ಇತ್ತು. ಆ ದಾರಿಯಲ್ಲಿ ಆತ ಕಾಲಿಡಲಿಲ್ಲ, ಅಷ್ಟೇ.

ಅಂದಿನಿಂದ ನೂರಕ್ಕೂ ಜಾಸ್ತಿ ವರ್ಷ ಕಳೆದಿದೆ. ಗಾಜಾ, ಉಕ್ರೇನ್, ಸುಡಾನ್, ಸಿರಿಯಾ, ಯೆಮನ್ ಎಲ್ಲೇ ಆಸ್ಪತ್ರೆಯ ಮೇಲೆ ಬಾಂಬು ಬಿದ್ದರೂ ನಮಗೆ ಕೇಳುವುದು ಎರಡೇ ಮಾತು. ಒಂದು, ‘ಅದು ಆಸ್ಪತ್ರೆಯಾಗಿ ಉಳಿದಿರಲಿಲ್ಲ, ಒಳಗೆ ಶತ್ರುಗಳಿದ್ದರು.’ ಇನ್ನೊಂದು, ‘ಅದು ಆಸ್ಪತ್ರೆ ಅಂತ ಗೊತ್ತಾಗಲಿಲ್ಲ.’ ಈ ಎರಡು ಮಾತುಗಳನ್ನು ಕಾನೂನು ಹೇಗೆ ನೋಡುತ್ತದೆ ಅನ್ನುವುದು ಗೊತ್ತಿದ್ದರೆ ದಾಳಿಯ ನಂತರ ಬರುವ ಹೇಳಿಕೆಗಳನ್ನು ಓದುವ ರೀತಿಯೇ ಬದಲಾಗುತ್ತದೆ.

ಮೊದಲು ಕಾನೂನು ಹುಟ್ಟಿದ ಬಗೆ. 1859ರ ಜೂನ್‌ನಲ್ಲಿ ಉತ್ತರ ಇಟಲಿಯ ಸೊಲ್ಫೆರಿನೊದಲ್ಲಿ ದೊಡ್ಡ ಕದನ ನಡೆಯಿತು. ವ್ಯಾಪಾರದ ಕೆಲಸದ ಮೇಲೆ ಆ ಕಡೆ ಹೋಗಿದ್ದ ಹೆನ್ರಿ ಡ್ಯುನಾಂಟ್ ಎಂಬ ಸ್ವಿಸ್ ಮನುಷ್ಯ, ಗಾಯಗೊಂಡ ಸಾವಿರಾರು ಸೈನಿಕರು ನೋಡುವವರಿಲ್ಲದೆ ನರಳುವುದನ್ನು ಕಂಡ. ಅವನ ಒತ್ತಾಯದ ಫಲವಾಗಿ 1863ರಲ್ಲಿ ರೆಡ್ ಕ್ರಾಸ್ ಸಮಿತಿ ಹುಟ್ಟಿತು, 1864ರಲ್ಲಿ ಮೊದಲ ಜಿನೀವಾ ಒಪ್ಪಂದ ಬಂತು. ಹತ್ತೇ ಹತ್ತು ಕಲಮುಗಳ ಪುಟ್ಟ ಒಪ್ಪಂದ. ಅದರ ಒಳಗಿನ ಯೋಚನೆ ಸರಳ: ಗಾಯಗೊಂಡು ಬಿದ್ದ ಸೈನಿಕ ಶತ್ರುವಾಗಿ ಉಳಿದಿಲ್ಲ, ರೋಗಿಯಾಗಿದ್ದಾನೆ. ಅವನನ್ನು ನೋಡಿಕೊಳ್ಳುವವರು ಯಾವ ಕಡೆಯವರೂ ಅಲ್ಲ. ಅವರನ್ನು ಗುರುತಿಸಲು ಒಂದು ಚಿಹ್ನೆ ಇರಲಿ.

1949ರ ನಾಲ್ಕು ಜಿನೀವಾ ಒಪ್ಪಂದಗಳು ಇದನ್ನೇ ವಿಸ್ತರಿಸಿದವು. ಮೊದಲನೆಯದು ಸೇನೆಯ ಆಸ್ಪತ್ರೆಗಳನ್ನು ಕಾಯುತ್ತದೆ, ನಾಲ್ಕನೆಯದು ಸಾಮಾನ್ಯ ಜನರ ಆಸ್ಪತ್ರೆಗಳನ್ನು. ಪ್ರಪಂಚದ ಎಲ್ಲ ದೇಶಗಳೂ ಇವನ್ನು ಒಪ್ಪಿ ಸಹಿ ಹಾಕಿವೆ. ಹೀಗೆ ಎಲ್ಲರೂ ಒಪ್ಪಿದ ಒಪ್ಪಂದಗಳು ಬೆರಳೆಣಿಕೆಯಷ್ಟೇ.

ಈ ಏರ್ಪಾಡೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ. ಶತ್ರುವಿನ ಕಣ್ಣಿಗೆ ಕಂಡರೆ ಆಸ್ಪತ್ರೆ ಸುರಕ್ಷಿತ. ಅದಕ್ಕೇ ಚಾವಣಿ ಮೇಲೆ ಗುರುತು, ಗುರುತಿನ ಮೇಲೆ ಬೆಳಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮೊದಲ ಮಾತಿಗೆ ಬರೋಣ. ಆಸ್ಪತ್ರೆಗೆ ಸಿಗುವ ರಕ್ಷಣೆ ಕಳೆದುಹೋಗಬಹುದೇ? ಹೌದು, ಹೋಗಬಹುದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾಲ್ಕನೇ ಒಪ್ಪಂದದ 19ನೇ ಕಲಮು ಇದನ್ನು ನೇರವಾಗಿ ಹೇಳುತ್ತದೆ. ಆಸ್ಪತ್ರೆಯನ್ನು ಅದರ ವೈದ್ಯಕೀಯ ಕೆಲಸದಾಚೆ ಶತ್ರುವಿಗೆ ಹಾನಿಯಾಗುವ ಕೃತ್ಯಕ್ಕೆ ಬಳಸಿದರೆ ರಕ್ಷಣೆ ನಿಲ್ಲುತ್ತದೆ. ಚಾವಣಿ ಮೇಲಿಂದ ಗುಂಡು ಹಾರಿಸುವುದು, ನೆಲಮಾಳಿಗೆಯಲ್ಲಿ ಮದ್ದುಗುಂಡು ಪೇರಿಸಿಡುವುದು, ಗಟ್ಟಿಮುಟ್ಟಾಗಿರುವ ಹೋರಾಟಗಾರರನ್ನು ಅಡಗಿಸಿಡುವುದು ಇವೆಲ್ಲ ಆ ಸಾಲಿಗೆ ಸೇರುತ್ತವೆ. ಹಾಗೆ ಬಳಸುವವರೂ ಕಾನೂನು ಮುರಿದವರೇ. ರೋಗಿಗಳನ್ನು ಗುರಾಣಿ ಮಾಡಿಕೊಳ್ಳುವುದು ಯುದ್ಧಾಪರಾಧ.

ಹೇಳಿಕೆ ಕೊಡುವ ಸೇನೆಗಳು ಸಾಮಾನ್ಯವಾಗಿ ಇಲ್ಲಿಗೇ ಓದು ನಿಲ್ಲಿಸಿಬಿಡುತ್ತವೆ. ಕಲಮು ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಸಾಲು: ಎಚ್ಚರಿಕೆ ಕೊಡಬೇಕು, ಸಾಧ್ಯವಿರುವ ಕಡೆಯೆಲ್ಲ ನ್ಯಾಯವಾದಷ್ಟು ಸಮಯ ಕೊಡಬೇಕು, ಆ ಎಚ್ಚರಿಕೆಗೆ ಬೆಲೆ ಸಿಗದಿದ್ದಾಗ ಮಾತ್ರ ರಕ್ಷಣೆ ನಿಲ್ಲುತ್ತದೆ. ಅದರ ಮುಂದಿನ ಸಾಲು ಇನ್ನೂ ಸ್ವಾರಸ್ಯವಾಗಿದೆ. ಗಾಯಗೊಂಡ ಸೈನಿಕರಿಗೆ ಅಲ್ಲಿ ಚಿಕಿತ್ಸೆ ಕೊಡುತ್ತಿದ್ದರೆ ಅದು ಹಾನಿಯ ಕೃತ್ಯವಲ್ಲ. ಅವರಿಂದ ತೆಗೆದಿಟ್ಟ ಸಣ್ಣಪುಟ್ಟ ಬಂದೂಕು, ಗುಂಡುಗಳು ಅಲ್ಲಿ ಸಿಕ್ಕರೂ ಅದು ಹಾನಿಯ ಕೃತ್ಯವಲ್ಲ. ಅಂದರೆ ‘ಆಸ್ಪತ್ರೆಯಲ್ಲಿ ಶತ್ರು ಸೈನಿಕರಿದ್ದರು’ ಎಂಬ ಮಾತೊಂದರಲ್ಲೇ ಕಾನೂನಿನ ತೂಕ ಏನೂ ಇಲ್ಲ. ಯುದ್ಧಕಾಲದ ಆಸ್ಪತ್ರೆಯಲ್ಲಿ ಸೈನಿಕರು ಇರದೆ ಇನ್ನೆಲ್ಲಿ ಇರಬೇಕು? ಈ ಇಡೀ ಕಾನೂನು ಶುರುವಾಗಿದ್ದೇ ಅವರ ಸಲುವಾಗಿ, ಅಲ್ವಾ?

ಇಷ್ಟೆಲ್ಲ ದಾಟಿದ ಮೇಲೂ ಲೆಕ್ಕ ಉಳಿಯುತ್ತದೆ. ಎಚ್ಚರಿಕೆ ಕೊಟ್ಟಾಯಿತು, ಯಾರೂ ಕೇಳಲಿಲ್ಲ, ಒಳಗಿಂದ ಗುಂಡು ಬರುತ್ತಲೇ ಇದೆ ಅನ್ನೋಣ. ಆಗಲೂ ಒಳಗಿರುವ ರೋಗಿಗಳು ನಿರಪರಾಧಿಗಳೇ. ಅವರಿಗಾಗುವ ಹಾನಿ ದಾಳಿಯಿಂದ ಸಿಗುವ ಸೇನಾ ಲಾಭಕ್ಕೆ ಹೋಲಿಸಿದರೆ ವಿಪರೀತ ಎನಿಸುವಂತಿದ್ದರೆ ದಾಳಿ ಮಾಡುವಂತಿಲ್ಲ. ಎದುರಾಳಿ ಕಾನೂನು ಮುರಿದ ಎಂಬ ಕಾರಣಕ್ಕೆ ನಮ್ಮ ಹೊಣೆ ಕಳಚಿಕೊಳ್ಳುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ, ನ್ಯಾಯಾಲಯದಲ್ಲಿ ಪರೀಕ್ಷೆಗೂ ನಿಂತಿದೆ. 1990ರ ದಶಕದಲ್ಲಿ ಬೋಸ್ನಿಯಾದ ಸರಾಯೆವೊ ನಗರಕ್ಕೆ ಸರ್ಬ್ ಪಡೆಗಳು ಮುತ್ತಿಗೆ ಹಾಕಿದಾಗ ಅಲ್ಲಿನ ಕೊಶೆವೊ ಆಸ್ಪತ್ರೆಗೆ ಮತ್ತೆ ಮತ್ತೆ ಶೆಲ್ ಬಿದ್ದವು. ವಿಚಾರಣೆಯಲ್ಲಿ ಒಂದು ಕಹಿ ಸಂಗತಿ ಹೊರಬಂತು. ಬೋಸ್ನಿಯಾ ಸರ್ಕಾರಿ ಸೇನೆ ಆಸ್ಪತ್ರೆಯ ಆವರಣದಿಂದಲೇ ಆಗಾಗ ಮಾರ್ಟರ್ ಹಾರಿಸಿ ಜಾಗ ಖಾಲಿ ಮಾಡುತ್ತಿತ್ತು. ಮುತ್ತಿಗೆ ಹಾಕಿದ ಪಡೆಯ ಕಮಾಂಡರ್ ಸ್ಟಾನಿಸ್ಲಾವ್ ಗಾಲಿಚ್‌ನ ವಕೀಲರಿಗೆ ಇದು ಒಳ್ಳೆಯ ಅಸ್ತ್ರವಾಯಿತು. ಆದರೆ ಒಮ್ಮೆ ಆವರಣದಿಂದ ಶೆಲ್ ಹಾರಿತು ಎಂದ ಮಾತ್ರಕ್ಕೆ ಆಸ್ಪತ್ರೆ ಕಾಯಂ ಗುರಿಯಾಗುವುದಿಲ್ಲ. ದಾಳಿಗೆ ಮುಂಚೆ ಎಚ್ಚರಿಕೆ ಬೇಕು ಎಂದು ನ್ಯಾಯಾಲಯವೂ ಹೇಳಿತು. ಸರಾಯೆವೊದ ಜನರ ಮೇಲೆ ನಡೆಸಿದ ಒಟ್ಟು ದಾಳಿಗಳಿಗಾಗಿ 2006ರಲ್ಲಿ ಗಾಲಿಚ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಗಾಜಾದ ಅಲ್-ಶಿಫಾ ಆಸ್ಪತ್ರೆಯ ವಿವಾದವನ್ನು ಇದೇ ಕನ್ನಡಕದಲ್ಲಿ ನೋಡಬೇಕು. ಆಸ್ಪತ್ರೆಯ ಕೆಳಗೆ ಹಮಾಸ್‌ನ ಕಮಾಂಡ್ ಕೇಂದ್ರವಿದೆ ಎಂದು ಇಸ್ರೇಲ್ ಹೇಳಿತು. 2023ರ ನವೆಂಬರ್‌ನಲ್ಲಿ ಸೇನೆ ಒಳನುಗ್ಗಿತು. ಬಂದೂಕುಗಳನ್ನು, ಒಂದು ಸುರಂಗವನ್ನು ಜಗತ್ತಿಗೆ ತೋರಿಸಿತು. ಹಮಾಸ್ ಆ ಜಾಗವನ್ನು ಬಳಸಿದ್ದಕ್ಕೆ ಅದು ಸಾಕ್ಷಿ ಎಂದರು ಕೆಲವರು. ಹೇಳಿದಷ್ಟು ದೊಡ್ಡ ಕೇಂದ್ರವೇನೂ ಕಾಣಲಿಲ್ಲವಲ್ಲ ಎಂದರು ಇನ್ನು ಕೆಲವರು. ಟಿವಿ ಚರ್ಚೆಗಳೆಲ್ಲ ಸುರಂಗದಲ್ಲೇ ಸಿಕ್ಕಿಹಾಕಿಕೊಂಡವು. ಸುರಂಗ ಇತ್ತೋ ಇಲ್ಲವೋ ಎನ್ನುವುದು ಮೊದಲ ಪ್ರಶ್ನೆ ಮಾತ್ರ. ಆಸ್ಪತ್ರೆಯಿಂದ ಆಗುತ್ತಿದ್ದ ಹಾನಿ ಏನು? ರೋಗಿಗಳು ಎಲ್ಲಿಗೆ ಹೋಗಬೇಕಿತ್ತು? ಸಿಗುವ ಲಾಭಕ್ಕೆ ಆ ಬೆಲೆ ಸರಿಯೇ? ಈ ಪ್ರಶ್ನೆಗಳನ್ನು ಕೇಳಿದವರು ಕಡಿಮೆ.

2024ರ ಕೊನೆಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಒಂದು ವರದಿ ಕೊಟ್ಟಿತು. 2023ರ ಅಕ್ಟೋಬರ್‌ನಿಂದ 2024ರ ಜೂನ್‌ವರೆಗೆ ಗಾಜಾದ ಕನಿಷ್ಠ 27 ಆಸ್ಪತ್ರೆಗಳು ಮತ್ತು 12 ಇತರ ಚಿಕಿತ್ಸಾ ಕೇಂದ್ರಗಳ ಮೇಲೆ ಕನಿಷ್ಠ 136 ದಾಳಿಗಳಾಗಿದ್ದವು. ಆಸ್ಪತ್ರೆಗಳನ್ನು ಸೇನಾ ಕೆಲಸಕ್ಕೆ ಬಳಸಲಾಗಿತ್ತು ಎಂಬ ಇಸ್ರೇಲ್‌ನ ಮಾತಿಗೆ ಸಾಕಷ್ಟು ಮಾಹಿತಿ ಹೊರಗೆ ಬಂದಿಲ್ಲ ಎಂದೂ ಆ ವರದಿ ಹೇಳಿತು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ. ರಕ್ಷಣೆ ಕಳೆದುಹೋಗಿದೆ ಎಂದು ತೀರ್ಮಾನಿಸುವವನೂ ದಾಳಿ ಮಾಡುವವನೇ. ಸಾಕ್ಷಿ ಇರುವುದೂ ಅವನ ಕೈಯಲ್ಲೇ. ಅದನ್ನು ತೋರಿಸಬೇಕೋ ಬೇಡವೋ ಎನ್ನುವುದೂ ಅವನ ಇಷ್ಟ.

ಎಚ್ಚರಿಕೆ ಎಂಬ ಪದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ‘ನಾವು ಮೊದಲೇ ಹೇಳಿದ್ದೆವಲ್ಲ’ ಎನ್ನುವುದು ಈಗ ರೂಢಿಯಾಗಿದೆ. 2023ರ ಅಕ್ಟೋಬರ್‌ನಲ್ಲಿ ಉತ್ತರ ಗಾಜಾದ 22 ಆಸ್ಪತ್ರೆಗಳಿಗೆ ಖಾಲಿ ಮಾಡಲು ಇಸ್ರೇಲ್ ಆದೇಶ ಕೊಟ್ಟಿತು. ಒಳಗೆ 2,000ಕ್ಕೂ ಹೆಚ್ಚು ರೋಗಿಗಳಿದ್ದರು. ಇದು ರೋಗಿಗಳ ಪಾಲಿಗೆ ಮರಣದಂಡನೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಕರೆಯಿತು. ವೆಂಟಿಲೇಟರ್ ಮೇಲಿರುವವರನ್ನು ಎತ್ತಿಕೊಂಡು ಓಡಲು ಆಗುತ್ತದೆಯೇ? ಅಲ್-ಶಿಫಾದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿದ್ದವು. ಇಂಧನ ಮುಗಿದು ಇನ್‌ಕ್ಯುಬೇಟರ್‌ಗಳು ನಿಂತವು. ಕೆಲವು ಕೂಸುಗಳು ಸತ್ತವು. ಉಳಿದ 31 ಕೂಸುಗಳನ್ನು ನವೆಂಬರ್ 19ರಂದು ವಿಶ್ವಸಂಸ್ಥೆ ಮತ್ತು ರೆಡ್ ಕ್ರೆಸೆಂಟ್‌ನವರು ದಕ್ಷಿಣಕ್ಕೆ ಸಾಗಿಸಿದರು. ಅಷ್ಟಕ್ಕೇ ಎಷ್ಟೊಂದು ಸಿದ್ಧತೆ, ಎಷ್ಟು ಮಾತುಕತೆ ಬೇಕಾಯಿತು. ‘ನ್ಯಾಯವಾದಷ್ಟು ಸಮಯ’ ಎಂದು ಕಲಮು ಬರೆದವರಿಗೆ ಈ ಕಷ್ಟ ಗೊತ್ತಿತ್ತು ಅನಿಸುತ್ತದೆ. ಎಚ್ಚರಿಕೆ ಇರುವುದು ಆಸ್ಪತ್ರೆಯ ದುರ್ಬಳಕೆ ನಿಲ್ಲಲಿ, ಅದು ಆಸ್ಪತ್ರೆಯಾಗಿಯೇ ಉಳಿಯಲಿ ಎಂದು. ಖಾಲಿ ಮಾಡಿಸಿ ಕೆಡವಲು ಕೊಡುವ ನೋಟಿಸ್ ಅಲ್ಲ ಅದು.

ಇನ್ನು ಎರಡನೇ ಮಾತು: ಗೊತ್ತಾಗಲಿಲ್ಲ.

2015ರ ಅಕ್ಟೋಬರ್ 3. ಅಫ್ಘಾನಿಸ್ತಾನದ ಕುಂದೂಜ್. ನಗರ ಕೆಲವೇ ದಿನ ಮುಂಚೆ ತಾಲಿಬಾನ್ ಕೈಗೆ ಹೋಗಿತ್ತು, ಅದನ್ನು ಬಿಡಿಸಿಕೊಳ್ಳುವ ಕಾಳಗ ನಡೆದಿತ್ತು. ಅಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಆಸ್ಪತ್ರೆ ಇತ್ತು. ಅಮೆರಿಕ, ಅಫ್ಘಾನ್ ಸೇನೆ, ತಾಲಿಬಾನ್ ಮೂವರಿಗೂ ಈ ಆಸ್ಪತ್ರೆ ಎಲ್ಲಿದೆ ಎಂದು ಸಂಸ್ಥೆ ತಿಳಿಸಿತ್ತು. ದಾಳಿಗೆ ನಾಲ್ಕು ದಿನ ಮುಂಚೆ ಜಿಪಿಎಸ್ ಅಂಕೆಗಳನ್ನು ಮತ್ತೊಮ್ಮೆ ಕೊಟ್ಟಿತ್ತು. ಊರಲ್ಲಿ ಕರೆಂಟ್ ಇಲ್ಲದ ಆ ರಾತ್ರಿ ಜನರೇಟರ್‌ನಿಂದ ಬೆಳಗುತ್ತಿದ್ದ ಕೆಲವೇ ಕಟ್ಟಡಗಳಲ್ಲಿ ಇದೂ ಒಂದು. ಅಮೆರಿಕದ ಎಸಿ-130 ವಿಮಾನ ಈ ಕಟ್ಟಡವನ್ನು ಸುತ್ತುತ್ತಾ ಗುಂಡಿನ ಮಳೆ ಸುರಿಸಿತು. ಆಸ್ಪತ್ರೆಯವರು ಸೇನೆಗೆ ಫೋನ್ ಮೇಲೆ ಫೋನ್ ಮಾಡಿದರು. ದಾಳಿ ಕೂಡಲೇ ನಿಲ್ಲಲಿಲ್ಲ. 42 ಜನ ಸತ್ತರು. 24 ರೋಗಿಗಳು, 14 ಸಿಬ್ಬಂದಿ, 4 ಮಂದಿ ರೋಗಿಗಳ ಜೊತೆಗಿದ್ದವರು.

ಅಮೆರಿಕದ ತನಿಖೆ ಬರೆದದ್ದು ತಪ್ಪುಗಳ ಸರಮಾಲೆ. ವಿಮಾನ ಅವಸರದಲ್ಲಿ ಹಾರಿತ್ತು, ಮುಟ್ಟಬಾರದ ಜಾಗಗಳ ಪಟ್ಟಿ ಸಿಬ್ಬಂದಿಗೆ ತಲುಪಿರಲಿಲ್ಲ. ಅವರು ಹುಡುಕುತ್ತಿದ್ದದ್ದು ತಾಲಿಬಾನ್ ಹಿಡಿದಿದ್ದ ಬೇರೊಂದು ಸರ್ಕಾರಿ ಕಟ್ಟಡ. ಕೊಟ್ಟ ಅಂಕೆ ಖಾಲಿ ಬಯಲನ್ನು ತೋರಿಸಿತು. ಹತ್ತಿರದಲ್ಲಿ ಹೋಲಿಕೆ ಕಂಡ ದೊಡ್ಡ ಕಟ್ಟಡವನ್ನೇ ಗುರಿ ಎಂದುಕೊಂಡರು. 16 ಜನರ ಮೇಲೆ ಇಲಾಖಾ ಕ್ರಮವಾಯಿತು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಇಲ್ಲ. ಬೇಕೆಂದು ಮಾಡಿದ್ದಲ್ಲ, ಹಾಗಾಗಿ ಯುದ್ಧಾಪರಾಧವಲ್ಲ ಎಂದಿತು ಸೇನೆ.

ಕಾನೂನಿನ ದೃಷ್ಟಿಯಿಂದ ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನವೂ ಆಸ್ಪತ್ರೆ ಮೇಲೆ ‘ಉದ್ದೇಶಪೂರ್ವಕವಾಗಿ’ ಮಾಡಿದ ದಾಳಿಯನ್ನೇ ಅಪರಾಧ ಎನ್ನುತ್ತದೆ. ಆದರೆ ಅಪರಾಧವಲ್ಲ ಎಂದ ಮಾತ್ರಕ್ಕೆ ಕಾನೂನು ಮುರಿದಿಲ್ಲ ಎಂದಾಗುವುದಿಲ್ಲ. ಗುರಿ ಯಾವುದೆಂದು ಖಚಿತ ಮಾಡಿಕೊಳ್ಳಲು ಆಗುವುದನ್ನೆಲ್ಲ ಮಾಡಬೇಕು ಎನ್ನುವುದೂ ಕಾನೂನೇ. ಸಂಶಯ ಬಂದಾಗ ನಿಲ್ಲುವುದೂ ಆ ಹೊಣೆಯ ಭಾಗ. ಲ್ಯಾಂಡವರಿ ಕ್ಯಾಸಲ್ ಹಡಗನ್ನು ಹತ್ತಿ ನೋಡದ ಕಮಾಂಡರ್‌ಗೂ, ಪಟ್ಟಿ ನೋಡದೆ ಹಾರಿದ ವಿಮಾನಕ್ಕೂ ನಡುವೆ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಒಬ್ಬ ಬಲ್ಲವ, ಇನ್ನೊಬ್ಬ ಅರಿಯದವ. ಇಬ್ಬರೂ ಬಿಟ್ಟಿದ್ದು ಮಾತ್ರ ಒಂದೇ ಹೆಜ್ಜೆಯನ್ನು: ಪರೀಕ್ಷಿಸಿ ನೋಡುವ ಹೆಜ್ಜೆ.

ಕುಂದೂಜ್‌ನಲ್ಲಿ ಪಟ್ಟಿ ತಲುಪಲಿಲ್ಲ. ಸಿರಿಯಾದಲ್ಲಿ ಪಟ್ಟಿಯೇ ಭಯ ಹುಟ್ಟಿಸಿತು. ಅಲ್ಲಿ ವಿಶ್ವಸಂಸ್ಥೆ ಆಸ್ಪತ್ರೆಗಳ ಜಾಗದ ವಿವರ ಪಡೆದು ರಷ್ಯಾ ಮುಂತಾದ ದೇಶಗಳಿಗೆ ಕೊಡುತ್ತಿತ್ತು, ಬಾಂಬು ಹಾಕದಿರಲಿ ಎಂದು. 2019ರ ಮೇ ತಿಂಗಳಲ್ಲಿ ಹನ್ನೆರಡು ಗಂಟೆಗಳ ಒಳಗೆ ನಾಲ್ಕು ಆಸ್ಪತ್ರೆಗಳ ಮೇಲೆ ಬಾಂಬು ಬಿತ್ತು. ಅವು ಪಟ್ಟಿಯಲ್ಲಿದ್ದವು. ರಷ್ಯಾದ ಪೈಲಟ್‌ಗಳ ರೇಡಿಯೊ ಮಾತುಗಳನ್ನು ಕೂಡಿಸಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದೇ ವರ್ಷ ಈ ದಾಳಿಗಳ ಜಾಡು ಹಿಡಿಯಿತು. ರಷ್ಯಾ ಅಲ್ಲಗಳೆಯಿತು. ವಿಶ್ವಸಂಸ್ಥೆ ಒಂದು ತನಿಖಾ ಮಂಡಳಿ ಮಾಡಿತು. ಅದರ ವರದಿಯ ಸಾರಾಂಶದಲ್ಲಿ ‘ಸಿರಿಯಾ ಸರ್ಕಾರ ಅಥವಾ ಅದರ ಮಿತ್ರರು’ ಎಂದಿತ್ತೇ ಹೊರತು ರಷ್ಯಾ ಎಂಬ ಹೆಸರು ಬರಲಿಲ್ಲ. ಇಷ್ಟೊಂದು ಸಂಕೋಚ ಯಾಕೋ. ಜಾಗದ ವಿವರ ಕೊಡುವುದೇ ಬೇಡ ಎಂದು ಎಷ್ಟೋ ವೈದ್ಯರು ತೀರ್ಮಾನಿಸಿದರು. ಅವರನ್ನು ತಪ್ಪೆನ್ನುವುದು ಹೇಗೆ?

2025ರ ಮಾರ್ಚ್ 23ರಂದು ಗಾಜಾದ ರಫಾದಲ್ಲಿ ಗಾಯಾಳುಗಳನ್ನು ತರಲು ಹೊರಟ ಆಂಬುಲೆನ್ಸ್‌ಗಳ ಮೇಲೆ ಇಸ್ರೇಲಿ ಸೈನಿಕರು ಗುಂಡು ಹಾರಿಸಿದರು. ರೆಡ್ ಕ್ರೆಸೆಂಟ್‌ನ 8, ನಾಗರಿಕ ರಕ್ಷಣಾ ದಳದ 6, ವಿಶ್ವಸಂಸ್ಥೆಯ ಒಬ್ಬರು ಸತ್ತರು. ಅವರ ದೇಹಗಳು ಒಂದು ವಾರದ ನಂತರ ಮರಳಿನಡಿ ಸಿಕ್ಕವು, ಜಜ್ಜಿದ ವಾಹನಗಳೂ ಅಲ್ಲೇ ಇದ್ದವು. ವಾಹನಗಳು ದೀಪ ಹಾಕದೆ ಅನುಮಾನ ಬರುವಂತೆ ಬಂದವು ಎಂದು ಸೇನೆ ಮೊದಲು ಹೇಳಿತು. ಆಮೇಲೆ ಸತ್ತ ಸಿಬ್ಬಂದಿಯೊಬ್ಬರ ಮೊಬೈಲ್ ಸಿಕ್ಕಿತು. ಅದರ ವಿಡಿಯೊದಲ್ಲಿ ದೀಪಗಳು ಮಿನುಗುತ್ತಿದ್ದವು. ಸೇನೆ ತನ್ನ ಹೇಳಿಕೆ ತಪ್ಪು ಎಂದು ಒಪ್ಪಿಕೊಂಡಿತು, ಒಬ್ಬ ಉಪ ಕಮಾಂಡರ್‌ನನ್ನು ಕೆಲಸದಿಂದ ತೆಗೆಯಿತು. ಆ ಮೊಬೈಲ್ ಸಿಗದೇ ಇದ್ದಿದ್ದರೆ? ಮೊದಲ ಹೇಳಿಕೆಯೇ ಇತಿಹಾಸವಾಗಿ ಉಳಿಯುತ್ತಿತ್ತು.

ಕೆಲವು ಕಡೆ ನೆಪವೂ ಬೇಕಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ, ಸುಡಾನ್‌ನಲ್ಲಿ ಅದೂ ಇಲ್ಲ. ಎಲ್ ಫಾಶರ್ ನಗರದ ಸೌದಿ ಹೆರಿಗೆ ಆಸ್ಪತ್ರೆ 2025ರ ಜನವರಿಯಲ್ಲಿ ಡ್ರೋನ್ ದಾಳಿಗೆ ಸಿಕ್ಕಿತು, ಸುಮಾರು 70 ಜನ ಸತ್ತರು. ಅಕ್ಟೋಬರ್ ಕೊನೆಗೆ, ಸರ್ಕಾರಿ ಸೇನೆಯ ವಿರುದ್ಧ ಕಾದಾಡುತ್ತಿದ್ದ ಆರ್‌ಎಸ್‌ಎಫ್ ಪಡೆ ನಗರವನ್ನು ವಶಪಡಿಸಿಕೊಂಡಾಗ ಅದೇ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ರೋಗಿಗಳು ಮತ್ತು ಜೊತೆಗಿದ್ದವರನ್ನು ಕೊಂದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಇಂಥ ಒಳಯುದ್ಧಗಳಿಗೂ, ಸರ್ಕಾರವಲ್ಲದ ಪಡೆಗಳಿಗೂ ಜಿನೀವಾ ಒಪ್ಪಂದಗಳ ಮೂರನೇ ಕಲಮು ಅನ್ವಯಿಸುತ್ತದೆ. ಗಾಯಾಳುಗಳನ್ನು, ರೋಗಿಗಳನ್ನು ಒಟ್ಟುಮಾಡಿ ಆರೈಕೆ ಮಾಡಬೇಕು ಎನ್ನುತ್ತದೆ ಅದು.

ಇದೆಲ್ಲ ನಡೆಯುವಾಗ ಭದ್ರತಾ ಮಂಡಳಿ ಏನು ಮಾಡುತ್ತಿತ್ತು? 2016ರ ಮೇ 3ರಂದು 2286ನೇ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಆಸ್ಪತ್ರೆಗಳ ಮೇಲಿನ ದಾಳಿಗಳನ್ನು ಖಂಡಿಸಿತು, ತನಿಖೆಯಾಗಲಿ ಎಂದಿತು. ಅದಕ್ಕೆ ಒಂದು ವಾರ ಮುಂಚೆ ಸಿರಿಯಾದ ಅಲೆಪ್ಪೊದಲ್ಲಿ ಅಲ್-ಖುದ್ಸ್ ಆಸ್ಪತ್ರೆಗೆ ಬಾಂಬು ಬಿದ್ದಿತ್ತು. ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಅಧ್ಯಕ್ಷೆ ಜೊವಾನ್ ಲಿಯು ಆ ಸಭೆಯಲ್ಲೇ ಮುಖಕ್ಕೆ ಹೊಡೆದಂತೆ ಹೇಳಿದರು: ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ನಾಲ್ವರು, ಹಿಂದಿನ ಒಂದು ವರ್ಷದಲ್ಲಿ ಇಂಥ ದಾಳಿ ಮಾಡಿದ ಕೂಟಗಳ ಜೊತೆ ಒಂದಲ್ಲ ಒಂದು ರೀತಿ ನಂಟು ಉಳ್ಳವರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ನ್ಯಾಯಾಲಯದ ಕಡೆ ನೋಡಿದರೆ ಲೆಕ್ಕ ಬಹಳ ಚಿಕ್ಕದು. ಲ್ಯಾಂಡವರಿ ಕ್ಯಾಸಲ್ ಪ್ರಕರಣದಲ್ಲಿ 1921ರಲ್ಲಿ ಲೈಪ್‌ಸಿಗ್‌ನ ಜರ್ಮನ್ ನ್ಯಾಯಾಲಯ ಇಬ್ಬರು ಕಿರಿಯ ಅಧಿಕಾರಿಗಳಿಗೆ ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು. ಮೇಲಿನವರ ಆದೇಶ ಪಾಲಿಸಿದೆವು ಎನ್ನುವುದು ನೆಪವಾಗದು ಎಂಬ ಮಾತು ಆ ತೀರ್ಪಿನಿಂದ ಪ್ರಸಿದ್ಧವಾಯಿತು. ಇಬ್ಬರೂ ಜೈಲಿನಿಂದ ತಪ್ಪಿಸಿಕೊಂಡರು. ಪಾಟ್ಸಿಗ್ ವಿಚಾರಣೆಗೆ ಸಿಗಲೇ ಇಲ್ಲ. ಕ್ರೊಯೇಷಿಯಾದ ವುಕೊವಾರ್ ಆಸ್ಪತ್ರೆಯಿಂದ 1991ರಲ್ಲಿ ಎಳೆದೊಯ್ದವರನ್ನು ಒವ್ಚಾರಾ ಎಂಬಲ್ಲಿ ಕೊಂದ ಪ್ರಕರಣದಲ್ಲಿ ಇಬ್ಬರು ಯುಗೊಸ್ಲಾವ್ ಸೇನಾಧಿಕಾರಿಗಳಿಗೆ 20 ಮತ್ತು 10 ವರ್ಷ ಶಿಕ್ಷೆಯಾಯಿತು. ಆಮೇಲೆ ಬೆರಳು ಮಡಿಸುತ್ತಾ ಹೋದರೆ ಎರಡನೇ ಕೈ ಬೇಕಾಗುವುದಿಲ್ಲ. ಸಿರಿಯಾ ವಿಷಯವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಯ್ಯುವ ಪ್ರಯತ್ನಕ್ಕೆ 2014ರ ಮೇನಲ್ಲಿ ರಷ್ಯಾ ಮತ್ತು ಚೀನಾ ವಿಟೊ ಹಾಕಿದವು. ಅಮೆರಿಕ, ರಷ್ಯಾ, ಚೀನಾ, ಇಸ್ರೇಲ್ ಯಾವುವೂ ಆ ನ್ಯಾಯಾಲಯದ ಸದಸ್ಯರಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಾಳಿಗಳನ್ನು ದಾಖಲಿಸುತ್ತದೆ, ಆದರೆ ಮಾಡಿದವರು ಯಾರು ಎಂದು ಬರೆಯುವುದಿಲ್ಲ. ಅದರ ಪಟ್ಟಿಯಲ್ಲಿ ಆಸ್ಪತ್ರೆಗಳು ತಾವಾಗಿಯೇ ಉರಿದುಬಿದ್ದಂತೆ ಕಾಣುತ್ತವೆ.

ಹಾಗಾದರೆ ಈ ಕಾನೂನು ಬರೀ ಕಾಗದವೇ? ನನಗೆ ಹಾಗನಿಸುವುದಿಲ್ಲ. ದಾಳಿ ಮಾಡಿದವರು ಇವತ್ತಿಗೂ ಸುಳ್ಳು ಹೇಳಬೇಕಾಗಿ ಬರುತ್ತಿದೆಯಲ್ಲ, ಅದು ಕಾನೂನಿನ ಒತ್ತಡವೇ. ಕೀವ್‌ನ ಓಖ್ಮಾತ್‌ದಿತ್ ಮಕ್ಕಳ ಆಸ್ಪತ್ರೆಗೆ 2024ರ ಜುಲೈ 8ರಂದು ಕ್ಷಿಪಣಿ ಬಿದ್ದಾಗ, ಅದು ಉಕ್ರೇನ್‌ದೇ ರಕ್ಷಣಾ ಕ್ಷಿಪಣಿ ಎಂದು ರಷ್ಯಾ ಹೇಳಿತು. ವಿಡಿಯೊಗಳನ್ನು ನೋಡಿದ ವಿಶ್ವಸಂಸ್ಥೆಯ ತಂಡ ರಷ್ಯಾದ ಕ್ಷಿಪಣಿಯೇ ನೇರವಾಗಿ ಬಿದ್ದಿರುವ ಸಾಧ್ಯತೆ ಹೆಚ್ಚು ಎಂದಿತು. ‘ಹೌದು, ಮಕ್ಕಳ ಆಸ್ಪತ್ರೆಗೇ ಹೊಡೆದೆವು’ ಎನ್ನುವ ಧೈರ್ಯ ಯಾವ ಸೇನೆಗೂ ಇನ್ನೂ ಬಂದಿಲ್ಲ. ಕೊರತೆ ಇರುವುದು ಸೇನೆಗಳ ಹೇಳಿಕೆಗಳನ್ನು ಒರೆಗೆ ಹಚ್ಚುವವರದ್ದು: ದಾಳಿಯಾದ ದಿನವೇ ಸಾಕ್ಷಿ ಕೇಳುವ, ಒಳಗೆ ಹೋಗಿ ನೋಡುವ, ಯಾವ ಪಾಳಯಕ್ಕೂ ಸೇರದ ತನಿಖಾಧಿಕಾರಿಗಳದ್ದು.

ಅಂಥವರು ಬರುವವರೆಗೆ ವೈದ್ಯರು ತಮಗೆ ತೋಚಿದ್ದನ್ನು ಮಾಡಿಕೊಳ್ಳುತ್ತಿದ್ದಾರೆ. ಸಿರಿಯಾದಲ್ಲಿ ಆಪರೇಷನ್ ಥಿಯೇಟರ್‌ಗಳು ನೆಲಮಾಳಿಗೆಗೆ, ಗುಹೆಗಳಿಗೆ ಇಳಿದವು. ಉಕ್ರೇನ್‌ನಲ್ಲಿ ಕಾದಾಟದ ಗಡಿಗೆ ಹತ್ತಿರವಿರುವ ಸೇನಾ ಆಸ್ಪತ್ರೆಗಳನ್ನು ನೆಲದಡಿ ಕಟ್ಟುತ್ತಿದ್ದಾರೆ. ರಾತ್ರಿ ಗಾಯಾಳುಗಳನ್ನು ತರುವ ಚಾಲಕರು ಹೆಡ್‌ಲೈಟ್ ಆರಿಸಿ, ಕತ್ತಲಲ್ಲಿ ದಾರಿ ತಡಕುತ್ತಾ ಓಡಿಸುತ್ತಾರೆ. ದೀಪ ಹಾಕಿದರೆ ಗುರಿಯಾಗುತ್ತೇವೆ ಎಂಬ ಭಯ. ಹಾಗೆ ಕತ್ತಲಲ್ಲಿ ಬಂದ ಆಂಬುಲೆನ್ಸ್‌ಗೆ ಹೊಡೆದ ಸೈನಿಕ ‘ಗೊತ್ತಾಗಲಿಲ್ಲ’ ಎಂದರೆ, ಆ ಸಲ ಅವನು ನಿಜವನ್ನೇ ಹೇಳುತ್ತಿರಬಹುದು.